ಅಡ್ಡಾಗಿ ಬರ್ರಿ, ತಂಪು ಹೋಗ್ತೈತಿ

ಬೆಟಗೇರಿಯಲ್ಲಿ ನಾನು ಬಾಡಿಗೆಗಿದ್ದ ಮನೆಯ ಅಜ್ಜ ಹೋದ ವಾರ ತೀರಿಕೊಂಡರು. ತೀರಿಕೊಂಡದ್ದು ಕಡು ಬೇಸಿಗೆಯಲ್ಲಿ, ಅದೂ ಮಟಮಟ ಮಧ್ಯಾಹ್ನ. ಬದುಕಿದ್ದಷ್ಟು ದಿನ ಆ ಹೊತ್ತಿನಲ್ಲಿ ದೇವರೇ ಬಂದು ಕದ ಬಡಿದರೂ ತೆಗೆಯದ ಮನುಷ್ಯ ಯಮನಿಗೆ ಹೇಗೆ ತೆಗೆದರು ಎಂಬುದು ನನಗೆ ಇನ್ನೂ ಬಗೆಹರಿದಿಲ್ಲ. ನನ್ನ ಅಂದಾಜು, ಅವನೂ ಎಲ್ಲರ ಹಾಗೆ ಅಡ್ಡಾಗಿಯೇ ನುಸುಳಿ ಬಂದಿರಬೇಕು.

ಈ ಅಡ್ಡಾಗಿ ಎಂದರೆ ಏನೆಂದು ಮೊದಲು ಹೇಳಿಬಿಡುತ್ತೇನೆ. ಬೇಸಿಗೆ ಹುಟ್ಟಿತೆಂದರೆ ಆ ಮನೆಯ ಮುಂಬಾಗಿಲು ಹಗಲಿನಲ್ಲಿ ಒಂದು ಗೇಣಿಗಿಂತ ಹೆಚ್ಚು ತೆರೆಯುತ್ತಿರಲಿಲ್ಲ. ಬಂದವರು ಹೊರಗೆ ಚಪ್ಪಲಿ ಬಿಟ್ಟು, ಉಸಿರು ಎಳೆದುಕೊಂಡು, ಹೊಟ್ಟೆಯನ್ನು ಬೆನ್ನಿಗೆ ಹಚ್ಚಿ, ಹಲ್ಲಿಯ ಹಾಗೆ ಅಡ್ಡಾಗಿ ಒಳಗೆ ಜಾರಬೇಕು. ಜಾರುವುದು ಒಂದು ಚಣ ತಡವಾದರೂ ಒಳಗಿನ ಕತ್ತಲೆಯಿಂದ ಒಂದು ತಣ್ಣನೆಯ ದನಿ ಬರುತ್ತಿತ್ತು: "ಅಡ್ಡಾಗಿ ಬರ್ರಿ, ತಂಪು ಹೋಗ್ತೈತಿ." ತಂಪು ಎಂಬುದು ಅವರ ಪಾಲಿಗೆ ಸಾಕಿದ ಕೋಳಿ ಇದ್ದ ಹಾಗೆ. ಬಾಗಿಲು ತೆರೆದದ್ದೇ ತಡ ಓಣಿಗೆ ಓಡಿಬಿಡುತ್ತದೆ, ಆಮೇಲೆ ಹಿಡಿದು ತರುವವರು ಯಾರು?

ಅಜ್ಜನ ಹೆಸರು ಇಲ್ಲಿ ಬರೆಯುವುದಿಲ್ಲ. ದೊಡ್ಡ ಗುಟ್ಟೇನಲ್ಲ, ಆ ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ, ಅಷ್ಟೇ. ಅಂಚೆಯವನು ಕೂಡ ಬಾಗಿಲ ಕೆಳಗಿನ ಸಂದಿಯಲ್ಲಿ ಕಾಗದ ತಳ್ಳಿ, "ಅಜ್ಜಾರ, ಕದಾ ಮುಟ್ಟಿಲ್ಲ ನೋಡ್ರಿ ಮತ್ತ" ಎಂದು ತನ್ನ ನಿರಪರಾಧಿತ್ವವನ್ನು ಸಾರಿ ಮುಂದಿನ ಮನೆಗೆ ಹೋಗುತ್ತಿದ್ದ. ಅಜ್ಜ ನೇಕಾರರು. ಎತ್ತರದ ಬಡಕಲು ದೇಹ, ತಲೆಯ ಮೇಲೆ ಸದಾ ಒಂದು ಒದ್ದೆ ಬಟ್ಟೆ. ಅವರು ದನಿ ಏರಿಸಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಅದಕ್ಕೆ ಅವರ ಹೆಂಡತಿ, ಎಂದರೆ ಓಣಿಗೆಲ್ಲ ಆಯಿ, ಕೊಟ್ಟ ಕಾರಣ ಹೀಗಿತ್ತು: "ಒದರಿದ್ರ ಮನಿ ಬಿಸಿ ಆಗ್ತೈತಂತ್ರಿ. ಐವತ್ತು ವರ್ಷ ಆತು, ನನ್ನ ಕೂಡ ಒಂದ ದಿನ ಸರಿಯಾಗಿ ಜಗಳಾ ಮಾಡಿಲ್ಲ. ಮಳಿಗಾಲಕ್ಕ ನೋಡೂಣಂತಾರ. ಮಳಿಗಾಲ ಬಂದ್ರ ಮರತಿರ್ತಾರ."

ಇನ್ನು ನನ್ನ ವಿಷಯ. ನಾನು ಶಿರಹಟ್ಟಿಯವನು. ಬಿಎಸ್ಸಿಯನ್ನು ಅವಸರ ಮಾಡದೆ ಐದು ವರ್ಷ ನಿಧಾನವಾಗಿ ಓದಿ, ಗದಗಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾಗಿ ಸೇರಿಕೊಂಡಿದ್ದೆ. ಅಜ್ಜನ ಮನೆಯ ಮುಂಭಾಗಕ್ಕೆ ಮೊಳ ದಪ್ಪದ ಮಣ್ಣಿನ ಮಾಳಿಗೆ. ಹಿತ್ತಲಲ್ಲಿ ಮಾತ್ರ ತಗಡು ಹೊದಿಸಿದ ಒಂದು ಕೋಣೆ ಇತ್ತು. ಅದು ಮೊದಲು ಎಮ್ಮೆಯದಾಗಿತ್ತಂತೆ. ಬೇಸಿಗೆಯ ಧಗೆಗೆ ಎಮ್ಮೆ ಅಲ್ಲಿ ನಿಲ್ಲಲಾರದು ಎಂದು ಅದನ್ನು ಬೇವಿನ ಮರದ ಕೆಳಗೆ ಕಟ್ಟಿ, ಕೋಣೆಯನ್ನು ಮಾಸ್ತರರಿಗೆ ಬಾಡಿಗೆಗೆ ಕೊಟ್ಟರು. ಎಮ್ಮೆ ಬೇವಿನ ನೆರಳಲ್ಲಿ ಮೆಲುಕು ಹಾಕುತ್ತ ನನ್ನ ಕಡೆ ನೋಡುತ್ತಿದ್ದ ನೋಟದಲ್ಲಿ ಕೃತಜ್ಞತೆ ಇತ್ತೆಂದು ಹೇಳಲಾರೆ. ಮರುಕ ಇತ್ತು.

ಮುಂಭಾಗದ ಮನೆಯ ತಂಪಿಗೆ ಅಜ್ಜ ಪಡುತ್ತಿದ್ದ ಪಾಡು ನೋಡಿದರೆ, ಅವರು ಹೆಂಡತಿ ಮಕ್ಕಳ ಮೇಲೆ ಬಹಳ ಜೀವ ಇಟ್ಟವರು ಎಂದು ಯಾರಾದರೂ ತಿಳಿಯಬೇಕು. ನಾನೂ ಹಾಗೆಯೇ ತಿಳಿದಿದ್ದೆ. ನಸುಕಿನಲ್ಲೆದ್ದು ಕದ, ಕಿಟಕಿ, ಮಾಳಿಗೆಯ ಬೆಳಕಿಂಡಿ ಎಲ್ಲ ತೆಗೆದು ತಂಪು ಗಾಳಿಯನ್ನು ಮನೆ ತುಂಬ ತುಂಬಿಕೊಳ್ಳುತ್ತಿದ್ದರು. ಬೆಳಕಿಂಡಿಯಿಂದ ಬಿದ್ದ ಬಿಸಿಲಿನ ಪಟ್ಟೆ ಗೋಡೆಯ ಮೂರನೆಯ ಗೂಟ ಮುಟ್ಟಿದ ಕೂಡಲೇ ಎಲ್ಲ ಬಂದ್. ಬೆಳಕಿಂಡಿಯ ಮೇಲೆ ಒಂದು ಒಡಕು ಗಡಿಗೆ ಬೋರಲು, ಕಿಟಕಿಗೆ ಅಗುಳಿ, ಬಾಗಿಲ ಒಳಗಡೆಗೆ ಒದ್ದೆ ಗೋಣಿತಟ್ಟು. ಸೆಗಣಿ ಸಾರಿಸಿದ ನೆಲಕ್ಕೆ ಕೈಯಿಂದ ನೀರು ಚಿಮುಕಿಸಿ, ಮತ್ತೆ ಸಂಜೆ ಐದರ ತನಕ ಆ ಮನೆಗೂ ಜಗತ್ತಿಗೂ ಸಂಬಂಧವಿಲ್ಲ.

ಒಂದು ದಿನ ಬಾಯಿ ತಪ್ಪಿ ಹೇಳಿದೆ: "ಅಜ್ಜಾರ, ಮನಿ ಮಂದಿಗೆ ಬಿಸಲು ತಾಕಬಾರ್ದಂತ ಎಷ್ಟ ಕಾಳಜಿ ಮಾಡ್ತೀರಿ."

"ಮನಿ ಮಂದಿಗೆ?" ಅಜ್ಜ ಮಗ್ಗದ ಲಾಳಿ ನಿಲ್ಲಿಸಿ ನನ್ನನ್ನು ನೋಡಿದರು. "ಮನಿ ಮಂದಿ ಬೆವರತಾರ. ಎಳಿ ಬೆವರತೈತೇನ್ರಿ?"

ಆಗ ತಿಳಿಯಿತು, ಈ ಸೇವೆಯೆಲ್ಲ ನೂಲಿನದು. ಮಗ್ಗಕ್ಕೆ ಉದ್ದಕ್ಕೆ ಬಿಗಿದ ಎಳೆಗಳಿಗೆ ಹಾಸು ಎನ್ನುತ್ತಾರೆ. ಗಂಜಿ ಕುಡಿದ ಆ ಎಳೆಗಳು ಒಣಹವೆ ತಾಕಿದರೆ ಸೆಟೆದು ಪಟಪಟ ಹರಿಯುತ್ತವೆ. ಮನೆ ತಂಪಾಗಿ, ತುಸು ಹಸಿಯಾಗಿ ಇದ್ದರೆ ಮೆತ್ತಗೆ ಮಾತು ಕೇಳುತ್ತವೆ. ಮನೆಯಲ್ಲಿ ಬದುಕಿದ್ದ ಉಳಿದವರೆಲ್ಲ ನೂಲಿನ ಪುಣ್ಯದಿಂದ ತಂಪಾಗಿದ್ದರು. ಹುಬ್ಬಳ್ಳಿಯಲ್ಲಿದ್ದ ಮಗ ಒಮ್ಮೆ ಪ್ರೀತಿಯಿಂದ ಮೇಜಿನ ಫ್ಯಾನು ತಂದುಕೊಟ್ಟ. ಅಜ್ಜ ಅದರ ಗಾಳಿಗೆ ಮುಖ ಒಡ್ಡಿ, "ಬಿಸೀದನ್ನ ತಿರುವಿ ತಿರುವಿ ಬಡಿತೈತಿ" ಎಂದು ತೀರ್ಪು ಕೊಟ್ಟು, ಫ್ಯಾನನ್ನು ಅಟ್ಟಕ್ಕೆ ಏರಿಸಿದರು. ಅದು ಬಂದ ರಟ್ಟಿನ ಪೆಟ್ಟಿಗೆ ಮಾತ್ರ ಬಹಳ ಉಪಯೋಗವಾಯಿತು, ನೂಲಿನ ಲಡಿ ಇಡಲು.

ಹಿತ್ತಲಿನ ನನ್ನ ತಗಡಿನ ಕೋಣೆಯಲ್ಲಿ ನೂಲು ಇರಲಿಲ್ಲ. ಆದ್ದರಿಂದ ಅಲ್ಲಿನ ಜೀವಕ್ಕೆ ಯಾರೂ ಜವಾಬ್ದಾರರಲ್ಲ. ನಾನೇ ವಿಜ್ಞಾನದ ಮೊರೆ ಹೊಕ್ಕೆ. ಶಾಖ ತಡೆಯುವ ಹಗುರ ವಸ್ತು ಬೇಕು ಎಂದು ಪುಸ್ತಕ ಹೇಳುತ್ತಿತ್ತು. ಗದಗಿನಲ್ಲಿ ಹಗುರ ವಸ್ತುವಿಗೆ ಏನು ಬರ? ಎಣ್ಣೆಯ ಗಿರಣಿಯಿಂದ ಒಂದು ಚಕ್ಕಡಿ ಶೇಂಗಾ ಹೊಟ್ಟು ತರಿಸಿ, ತಗಡಿನ ಮೇಲೆ ಮೊಳಕಾಲುದ್ದ ಹರವಿದೆ. ಒಂದು ದಿನ ಸ್ವರ್ಗ. ಎರಡನೆಯ ದಿನ ಹೊಂಬಳದ ಕಡೆಯ ಕರಿಮಣ್ಣಿನ ಹೊಲಗಳಿಂದ ಒಂದು ಸುಂಟರಗಾಳಿ ಎದ್ದು ಬಂತು. ಅದು ಊರಿನಲ್ಲಿ ಇನ್ನಾರ ವಿಳಾಸವನ್ನೂ ಕೇಳದೆ ನೆಟ್ಟಗೆ ನನ್ನ ಕೋಣೆಗೇ ಬಂತು. ಚಕ್ಕಡಿ ಹೊಟ್ಟು ಆಕಾಶಕ್ಕೆ ಏರಿ ಓಣಿಯ ಮೇಲೆ ಸಮನಾಗಿ ಹಂಚಿಹೋಯಿತು. ಒಣಹಾಕಿದ ಸಂಡಿಗೆಯಲ್ಲಿ ಹೊಟ್ಟು, ನೀರಿನ ಹಂಡೆಯಲ್ಲಿ ಹೊಟ್ಟು, ತೊಟ್ಟಿಲಲ್ಲಿ ಮಲಗಿದ್ದ ಕೂಸಿನ ಮೂಗಿನಲ್ಲಿ ಹೊಟ್ಟು. ಓಣಿಯ ಹೆಂಗಸರು ಕಸಬರಿಗೆ ಹಿಡಿದು ಬಂದರು. ಗುಡಿಸಲು ಬಂದರೆಂದು ತಿಳಿದು ನಾನು ನಕ್ಕು ಸ್ವಾಗತಿಸಿದೆ. ಅದು ನನ್ನ ಎರಡನೆಯ ತಪ್ಪು.

ಗದ್ದಲ ತಣ್ಣಗಾದ ಮೇಲೆ ಅಜ್ಜ ಹಿತ್ತಲಿಗೆ ಬಂದರು. ತಲೆತುಂಬ ಹೊಟ್ಟು ಹೊತ್ತು ಕುಳಿತಿದ್ದ ನನ್ನನ್ನು ನೋಡಿ ಹೇಳಿದರು: "ಮಾಸ್ತರ್ರ, ನಾಳಿಂದ ಮಧ್ಯಾಹ್ನ ಮುಂದ್ಕ ಬಂದು ಕುಣ್ಯಾಗ ಕುಂಡರ್ರಿ. ಓಣಿ ಮಂದಿಗೂ ಅದ ಚಲೋ."

ಕುಣಿ ಎಂದರೆ ಮಗ್ಗದ ಮುಂದೆ ನೆಲದಲ್ಲಿ ತೋಡಿದ ಗುಂಡಿ. ನೇಕಾರ ಅದರ ಅಂಚಿನಲ್ಲಿ ಕೂತು, ಕಾಲು ಇಳಿಬಿಟ್ಟು, ಅಡಿಯ ಪಟ್ಟಿಗಳನ್ನು ತುಳಿಯುತ್ತ ನೇಯುತ್ತಾನೆ. ಅಜ್ಜ ಊಟ ಮಾಡಿ ಅಡ್ಡಾದ ಹೊತ್ತಿನಲ್ಲಿ ಆ ಸಿಂಹಾಸನ ನನ್ನದಾಯಿತು. ಕಾಲಿಗೆ ತಣ್ಣನೆ ಮಣ್ಣು ತಾಗುತ್ತಿದ್ದಂತೆ ನನ್ನ ಐದು ವರ್ಷದ ಬಿಎಸ್ಸಿ ಅಂಗಾಲಿನಿಂದ ಇಳಿದು ಹೋದಂತಾಗುತ್ತಿತ್ತು. ಒಂದು ಸಣ್ಣ ಬೆಳಕಿನ ಸಂದಿಯಲ್ಲಿ ಮಕ್ಕಳ ಪರೀಕ್ಷೆಯ ಪೇಪರು ತಿದ್ದುತ್ತಿದ್ದೆ.

ಅದೇ ಬೇಸಿಗೆಯಲ್ಲಿ ಅಜ್ಜನ ಮೊಮ್ಮಗಳ ಲಗ್ನ ಗೊತ್ತಾಯಿತು. ಅವ್ವ ಅಪ್ಪ ಇಲ್ಲದ ಹುಡುಗಿ, ಅಜ್ಜನ ಬಳಿಯೇ ಬೆಳೆದವಳು. ನಾಲಗೆ ಲಾಳಿಗಿಂತ ಚುರುಕು. (ಈಗ ಮಾಸ್ತರನಿಗೂ ಅವಳಿಗೂ ಏನೋ ಇತ್ತೆಂದು ಕಾಯುವ ಓದುಗರು ಕಾಯುವುದನ್ನು ಬಿಡಬಹುದು. ಅವಳು ನನ್ನನ್ನು ಅಣ್ಣಾ ಎನ್ನುತ್ತಿದ್ದಳು, ಅದೂ ಕನಿಕರದಿಂದ.) ಹುಡುಗಿ ನೋಡಲು ಲಕ್ಷ್ಮೇಶ್ವರದಿಂದ ಹುಡುಗನ ತಂದೆ ಬಂದರು. ಮೂರು ಆಳು ಸೇರಿ ಅಪ್ಪಿಕೊಳ್ಳಬೇಕಾದ ಗಾತ್ರ, ಮಧ್ಯಾಹ್ನ ಎರಡು ಗಂಟೆಯ ಹೊತ್ತು. ಬಾಗಿಲು ಎಂದಿನಂತೆ ಒಂದು ಗೇಣು ತೆರೆಯಿತು.

"ಅಡ್ಡಾಗಿ ಬರ್ರಿ, ತಂಪು ಹೋಗ್ತೈತಿ."

ಅವರು ಅಡ್ಡ ತಿರುಗಿದರು. ಉದ್ದ ಅಡ್ಡ ಎಂಬ ವ್ಯತ್ಯಾಸ ಅವರ ದೇಹದಲ್ಲಿ ಇರಲಿಲ್ಲ. ಅರ್ಧ ಒಳಗೆ, ಅರ್ಧ ಹೊರಗೆ ಸಿಕ್ಕಿಕೊಂಡಾಗ ನಾನು ಹೊರಗಿನಿಂದ ತಳ್ಳಿ ಗಂಡಿನ ಕಡೆಯವರಿಗೆ ಕೈಲಾದ ಮರ್ಯಾದೆ ಮಾಡಿದೆ. ಒಳಗೆ ಹೋಗಿ ಬಿದ್ದ ಮೇಲೆ ಅಜ್ಜ ನೀರು ಕೊಟ್ಟು ಹೇಳಿದರು: "ಬೀಗರ, ನೀವು ಬರೂದ್ರಾಗ ಅರ್ಧ ತಂಪು ಹೊರಗ ಹೋತು. ಇರ್ಲಿ. ಉಳದದ್ರಾಗ ಕುಂಡರ್ರಿ."

ಸಂಬಂಧ ಮುರಿದೇಹೋಯಿತೆಂದು ಆಯಿ ಒಳಗೆ ಕಣ್ಣಿಗೆ ಸೆರಗು ಹಚ್ಚಿದರು. ಆದರೆ ಆ ದೊಡ್ಡವರು ಗೋಡೆಗೆ ಒರಗಿ ಕೂತವರು, ಕೂತಲ್ಲೇ ಜಾರಿ, ತಣ್ಣನೆಯ ನೆಲದ ಮೇಲೆ ಎರಡು ತಾಸು ಗೊರಕೆ ಹೊಡೆದರು. ಎದ್ದು ಕಣ್ಣುಜ್ಜಿಕೊಂಡು, "ನಮಗ ಒಪ್ಪಿಗಿ ಐತ್ರಿ" ಎಂದರು. ಹುಡುಗಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನನಗೆ ಕೇಳುವ ಹಾಗೆ ಹೇಳಿದಳು: "ನನ್ನ ಎಲ್ಲಿ ನೋಡ್ಯಾರ್ರೀ ಅಣ್ಣಾ. ನೆಲಾ ನೋಡಿ ಒಪ್ಪ್ಯಾರ."

ಲಗ್ನದ ಸೀರೆಯನ್ನು ಅಜ್ಜನೇ ನೇಯಬೇಕು. ಅದು ಆ ಮನೆಯ ಪದ್ಧತಿ. ಆಯಿ ಆ ಮನೆಗೆ ಸೊಸೆಯಾಗಿ ಬಂದಾಗ ಉಟ್ಟದ್ದು ಮಾವನ ಕೈಯ ಸೀರೆ, ಹೆಣ್ಣುಮಕ್ಕಳು ಹೋದದ್ದು ಅಜ್ಜನ ಕೈಯ ಸೀರೆ ಉಟ್ಟು. ಆದರೆ ಈಗ ಅಜ್ಜನ ಕಣ್ಣು ಮಬ್ಬಾಗಿತ್ತು. ಬೆರಳ ತುದಿಯ ಅಂದಾಜಿನಲ್ಲೇ ನೇಯುತ್ತಿದ್ದರು. ಓಣಿಯವರೆಲ್ಲ ಸೇರಿ ನಸುಕಿನಲ್ಲಿ ಬೀದಿಯುದ್ದಕ್ಕೂ ಎಳೆ ಹರವಿ, ಗಂಜಿ ಹಚ್ಚಿ, ಹಾಸು ಮಾಡಿಕೊಟ್ಟಿದ್ದರು. ಅಂಥ ಇನ್ನೊಂದು ಹಾಸು ಮಾಡಲು ವೇಳೆ ಇರಲಿಲ್ಲ. "ಇದು ಕಡೀದು" ಎಂದು ಅಜ್ಜ ಮಗ್ಗಕ್ಕೆ ಕೈ ಮುಗಿದು ಕೂತಿದ್ದನ್ನು ನಾನೇ ನೋಡಿದ್ದೆ. ನೋಡಿದ ಮೇಲೂ ನಾನು ಮಾಡಿದ್ದನ್ನು ಮಾಡಿದೆ.

ಲಗ್ನ ಒಂಬತ್ತು ದಿನ ಇದೆ ಎನ್ನುವಾಗ, ಸೀರೆ ಅರ್ಧಕ್ಕಿಂತ ಹೆಚ್ಚು ಮುಗಿದಿದ್ದಾಗ, ಮನೆಯವರೆಲ್ಲ ಬೆಳಗಿನ ಬಸ್ಸಿಗೆ ಲಕ್ಷ್ಮೇಶ್ವರಕ್ಕೆ ಹೊರಟರು. ಗಂಡಿನ ಮನೆಯಲ್ಲಿ ಏನೋ ಶಾಸ್ತ್ರ. ಅಜ್ಜ ಹೊಸ್ತಿಲಲ್ಲಿ ನಿಂತು ನನಗೆ ಅಪ್ಪಣೆ ಕೊಟ್ಟರು: "ಮಾಸ್ತರ್ರ, ಕದಾ ಮುಟ್ಟಬ್ಯಾಡ್ರಿ. ಕಿಡಕಿ ಮುಟ್ಟಬ್ಯಾಡ್ರಿ. ಬೆಳಕಿಂಡಿ ಗಡಗಿ ಅಂತೂ ಕಣ್ಣೆತ್ತಿ ನೋಡಬ್ಯಾಡ್ರಿ. ಕುಣ್ಯಾಗ ಕುಂತು ನಿಮ್ಮ ಪೇಪರ ನೋಡ್ರಿ."

"ಆತ್ರಿ ಅಜ್ಜಾರ."

"ಆತು ಅಂತೀರಿ. ಅದಕ ಅಂಜಿಕಿ."

ಕುಣಿಯಲ್ಲಿ ಕೂತು ಪೇಪರು ತಿದ್ದತೊಡಗಿದೆ. ಕೋಣೆಯನ್ನು ಬೇಸಿಗೆಯಲ್ಲಿ ತಂಪಾಗಿಡುವುದು ಹೇಗೆ ಎಂದು ನಾನೇ ಕೇಳಿದ್ದ ಪ್ರಶ್ನೆ. ಬೆಟಗೇರಿಯ ಒಬ್ಬ ನೇಕಾರರ ಹುಡುಗ ಬರೆದಿದ್ದ: "ಹೊತ್ತು ಏರುವ ಮೊದಲು ಎಲ್ಲಾ ಬಾಗಿಲು ಕಿಟಕಿ ಮುಚ್ಚಬೇಕು." ನಾನು ಕೆಂಪು ಶಾಯಿಯಲ್ಲಿ ದೊಡ್ಡ ಸೊನ್ನೆ ಬಿಡಿಸಿ, ಪಕ್ಕದಲ್ಲಿ ಸರಿಯುತ್ತರ ಬರೆದೆ: "ಬಿಸಿ ಗಾಳಿ ಹಗುರವಾಗಿ ಮೇಲೇರುತ್ತದೆ. ಆದ್ದರಿಂದ ಮೇಲಿನ ಕಿಂಡಿ ತೆರೆದರೆ ಅದು ಹೊರಗೆ ಹೋಗಿ, ಕೆಳಗಿನ ಕಿಟಕಿಯಿಂದ ತಂಪು ಗಾಳಿ ಒಳಗೆ ಬರುತ್ತದೆ." ಬರೆದು ಮುಗಿಸಿ ಓದಿಕೊಂಡೆ. ಎಷ್ಟು ಸೊಗಸಾಗಿದೆ ಅನಿಸಿತು. ಇಂಥ ವಿದ್ಯೆ ಇಟ್ಟುಕೊಂಡ ನಾನು, ಈ ಪಾಪದ ಮುದುಕ ಐವತ್ತು ವರ್ಷ ಕತ್ತಲೆಯಲ್ಲಿ ಕೂರುವುದನ್ನು ನೋಡುತ್ತ ಸುಮ್ಮನಿರುವುದು ಸರಿಯೇ? ಮನೆಯವರು ಬರುವಷ್ಟರಲ್ಲಿ ಮನೆಯನ್ನು ಇನ್ನಷ್ಟು ತಂಪು ಮಾಡಿ ಅವರನ್ನು ಬೆರಗುಗೊಳಿಸಬೇಕು.

ಮಾಳಿಗೆ ಹತ್ತಿ ಗಡಿಗೆ ಸರಿಸಿದೆ. ಕೆಳಗಿಳಿದು ಪಡುವಣ ಕಿಟಕಿಯ ಅಗುಳಿ ತೆಗೆದೆ. ಗಾಳಿ ಬಂತು. ಒಳಗಿನ ಗಾಳಿ ಹೊರಗೆ ಹೋಯಿತು, ಹೊರಗಿನದು ಒಳಗೆ ಬಂತು. ಪುಸ್ತಕದಲ್ಲಿ ಹೇಳಿದ್ದು ಅಕ್ಷರಶಃ ನಡೆಯಿತು. ಒಂದೇ ತೊಡಕೆಂದರೆ, ಒಳಗಿದ್ದದ್ದು ತಂಪು, ಹೊರಗಿದ್ದದ್ದು ಬೆಂಕಿ. ಆ ಮಧ್ಯಾಹ್ನದ ಗಾಳಿ ನನ್ನ ಪಾಠ ಓದಿರಲಿಲ್ಲ. ನಾನಾದರೋ ಗೆದ್ದ ಸಂತೋಷದಲ್ಲಿ ಕುಣಿಯ ಅಂಚಿಗೆ ತಲೆ ಇಟ್ಟು ನಿದ್ದೆ ಹೋದೆ.

ಎಚ್ಚರವಾದದ್ದು ಬಾಯಿ ಒಣಗಿ. ನೆಲದ ಹಸಿ ಆರಿ ಬಿಳಿಚಿಕೊಂಡಿತ್ತು, ಗೋಣಿತಟ್ಟು ಹಪ್ಪಳದಂತೆ ಸೆಟೆದಿತ್ತು, ಹಾಸಿನ ಮೇಲೆ ಧೂಳು. ಗಾಬರಿಯಿಂದ ಏಳಲು ಹೋಗಿ ಕಾಲು ಊರಿದೆ. ಊರಿದ್ದು ಮಗ್ಗದ ತುಳಿಯುವ ಪಟ್ಟಿಯ ಮೇಲೆ. ಎಳೆಗಳು ಒಮ್ಮೆಲೇ ಜಗ್ಗಿಕೊಂಡವು. ಟಪ್ ಟಪ್ ಟಪ್ ಎಂದು ಸದ್ದಾಯಿತು, ಅಲಸಂದಿ ಕಾಯಿ ಬಿಸಿಲಿಗೆ ಸಿಡಿದ ಹಾಗೆ. ಎಷ್ಟು ಎಳೆ ಹರಿದವು ಎಂಬುದಕ್ಕೆ ಒಬ್ಬೊಬ್ಬರದು ಒಂದೊಂದು ಲೆಕ್ಕ. ನಾನು ನೂರು ಎನ್ನುತ್ತೇನೆ, ಅಜ್ಜ ಎರಡು ನೂರು ಎನ್ನುತ್ತಿದ್ದರು, ಆಯಿಯನ್ನು ಕೇಳಿದರೆ ಮಗ್ಗದಲ್ಲಿ ಒಂದೂ ಉಳಿದಿರಲಿಲ್ಲ.

ಇಲ್ಲಿಗೆ ನಿಲ್ಲಿಸುವವನು ಬೇರೆ ಯಾರಾದರೂ ಇರಬೇಕು. ಎಳೆಗೆ ಹಸಿ ಬೇಕು ಎಂದು ಅಜ್ಜ ಹೇಳಿದ್ದು ನೆನಪಾಯಿತು. ಒಂದು ಬಕೀಟು ನೀರು ತಂದು ಹಾಸಿನ ಮೇಲೆ ಸುರಿದುಬಿಟ್ಟೆ. ಗಂಜಿ ಕರಗಿ, ಎಳೆಗೆ ಎಳೆ ಅಂಟಿ, ಮದುವೆಯ ಸೀರೆ ಶಾವಿಗೆ ಪಾಯಸದಂತೆ ಕಾಣತೊಡಗಿತು.

ಸಂಜೆ ಅವರೆಲ್ಲ ಬಂದಾಗ ನಾನು ಓಡಿಹೋಗಿರಬೇಕಿತ್ತು. ಶಿರಹಟ್ಟಿಯ ಬಸ್ಸು ತಪ್ಪಿಹೋಗಿತ್ತು. ಆಯಿ ಮಗ್ಗ ನೋಡಿ ನೆಲಕ್ಕೆ ಕುಸಿದರು. ಹುಡುಗಿ ನೋಡಿ ನಗುವಿನ ಹಾಗೊಂದು ದನಿ ಮಾಡಿದಳು, ಆದರೆ ಅದು ನಗುವಾಗಿರಲಿಲ್ಲ. ಅಜ್ಜ ನೆಟ್ಟಗೆ ಹೋಗಿ ಕಿಟಕಿಗೆ ಅಗುಳಿ ಹಾಕಿದರು. ಬೆರಳುಗಳಿಂದ ಹಾಸನ್ನು ಈ ತುದಿಯಿಂದ ಆ ತುದಿಗೆ ತಡವಿದರು. ಆಮೇಲೆ ಕೇಳಿದರು:

"ಮಾಸ್ತರ್ರ, ಹಿಂಗ ಕಿಡಕಿ ತಗೀಬೇಕಂತ ಸಾಲ್ಯಾಗ ಹುಡುಗೂರಿಗೂ ಕಲಸ್ತೀರೇನ್ರಿ?"

"ಹೂನ್ರಿ."

"ಪಾಪ, ಹುಡುಗೂರು."

ಬೈದಿದ್ದರೆ ಬದುಕುತ್ತಿದ್ದೆ.

ಆಯಿ ಅಳುತ್ತಲೇ ಹೇಳಿದರು: "ಪ್ಯಾಟ್ಯಾಗ ಒಂದ ಸೀರಿ ತಂದು ಉಡಿಸೂಣ ಬಿಡ್ರಿ. ಯಾರ ಕೇಳಾಕ ಬರ್ತಾರ."

"ನಾ ಕೇಳ್ತೀನಿ" ಎಂದಳು ಹುಡುಗಿ. "ನಮ್ಮವ್ವ ಉಟ್ಟ ಹೋಗಿದ್ದು ಯಾರ ನೇಯ್ದಿದ್ದು? ನಾ ಏನು ಪ್ಯಾಟಿ ಮಗಳೇನು?"

ಅಜ್ಜ ಅವಳ ಕಡೆ ತಿರುಗಲಿಲ್ಲ. ಒದ್ದೆ ಬಟ್ಟೆ ತೆಗೆದು ಮುಖ ಒರೆಸಿಕೊಂಡು, ನನ್ನನ್ನು ಕರೆದರು. "ನನ್ನ ಕಣ್ಣಿಗೆ ಹರದ ತುದಿ ಕಾಣಂಗಿಲ್ರಿ. ನಿಮ್ಮ ಕಣ್ಣರ ಸುದ್ದ ಅದಾವಿಲ್ಲೋ?"

"ಅದಾವ್ರಿ."

"ನಾಳಿ ನಸಿಕ್ಲೆ ಬರ್ರಿ. ಕಣ್ಣ ಅಷ್ಟ ತರ್ರಿ, ಬುದ್ಧಿ ಮನ್ಯಾಗ ಇಟ್ಟ ಬರ್ರಿ."

ತೊಡಕು ಇದ್ದದ್ದು ಹೀಗೆ. ಹರಿದ ಎಳೆ ಹುಡುಕಲು ಬೆಳಕು ಬೇಕು. ಬೆಳಕು ಬೇಕೆಂದರೆ ಕದ ತೆಗೆಯಬೇಕು. ಕದ ತೆಗೆದರೆ ಉಳಿದ ಎಳೆಗಳೂ ಹೋದಂತೆ. ಹೀಗಾಗಿ ನಸುಕಿನಿಂದ ಬಿಸಿಲು ಮೂರನೆಯ ಗೂಟ ಮುಟ್ಟುವ ತನಕ ಮಾತ್ರ ನಾನು ಅಂಟಿದ್ದನ್ನು ಬಿಡಿಸಿ, ಹರಿದ ಎಳೆ ಹುಡುಕಿ ಗಂಟು ಹಾಕಬೇಕು. ಆಮೇಲೆ ಎಲ್ಲ ಮುಚ್ಚಿ, ಕತ್ತಲೆಯಲ್ಲಿ ಅಜ್ಜ ನೇಯಬೇಕು. ಮೊದಲ ದಿನ ಅಜ್ಜ ನನ್ನ ಗಂಟುಗಳನ್ನು ಬೆರಳಿನಿಂದ ಮುಟ್ಟಿ ನೋಡಿ, "ಬೂಟಿನ ಲಾಡಿ ಕಟ್ಟಾಕತ್ತೀರೇನ್ರಿ?" ಎಂದು ಎಲ್ಲವನ್ನೂ ಬಿಚ್ಚಿಸಿದರು. ಎರಡನೆಯ ದಿನ ಅರ್ಧ ಬಿಚ್ಚಿಸಿದರು. ಮೂರನೆಯ ದಿನ ಮುಟ್ಟಿ ನೋಡಿ ಸುಮ್ಮನಾದರು. ಪದವಿ ಪ್ರಮಾಣಪತ್ರ ಕೈಗೆ ಬಂದ ದಿನವೂ ನನಗೆ ಅಷ್ಟು ಹಿಗ್ಗಾಗಿರಲಿಲ್ಲ.

ಮಧ್ಯಾಹ್ನ ನೆಲಕ್ಕೆ ನೀರು ಚಿಮುಕಿಸುವ ಕೆಲಸವೂ ನನ್ನದೇ ಆಯಿತು. ಬಕೀಟು ಮುಟ್ಟಲು ಅಪ್ಪಣೆ ಇರಲಿಲ್ಲ. ಒಂದು ತಂಬಿಗೆ, ಐದು ಬೆರಳು. "ಎಳಿಗೆ ಮಂಜು ಬೀಳಬೇಕ್ರಿ, ಮಳಿ ಬೀಳಬಾರ್ದು" ಎಂದು ಅಜ್ಜ ಕತ್ತಲೆಯಿಂದ ಹೇಳುತ್ತಿದ್ದರು. ಕಿವಿಗೆ ಲಾಳಿಯ ಸದ್ದು ಮಾತ್ರ. ಆ ಸದ್ದು ಒಂದು ಚಣ ನಿಂತರೆ ನನ್ನ ಎದೆ ನಿಲ್ಲುತ್ತಿತ್ತು. ಇನ್ನೊಂದು ಎಳೆ ಹೋಯಿತೇ? ಮತ್ತೆ ಸದ್ದು ಶುರುವಾದರೆ ಉಸಿರಾಡುತ್ತಿದ್ದೆ. ಆ ದಿನಗಳಲ್ಲಿ ಆ ಮನೆಯಲ್ಲಿ ಮನುಷ್ಯರು ತಂಪಾಗಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ನನಗೂ ನೂಲಿನದೇ ಚಿಂತೆ ಹತ್ತಿತ್ತು.

ನಡುವೆ ಒಂದು ದಿನ ನನ್ನ ಪೇಪರುಗಳ ಗಂಟು ಬಿಚ್ಚಿ, ಆ ನೇಕಾರರ ಹುಡುಗನ ಸೊನ್ನೆಯನ್ನು ಹೊಡೆದುಹಾಕಿ ಪೂರ್ತಿ ಅಂಕ ಕೊಟ್ಟೆ. ನಾನು ಬರೆದಿದ್ದ ಸರಿಯುತ್ತರದ ಮೇಲೂ ಅಡ್ಡಗೆರೆ ಎಳೆದೆ. ಹೆಡ್ಮಾಸ್ತರರು ಆ ಪೇಪರು ನೋಡಿ, ಮಾಸ್ತರ ತಾನೇ ಬರೆದು ತಾನೇ ತಪ್ಪು ಹಾಕಿಕೊಂಡದ್ದು ಏಕೆಂದು ಕೇಳಿದರು. ಬೇಸಿಗೆ ಸರ್ ಎಂದೆ.

ಲಗ್ನದ ಹಿಂದಿನ ದಿನ ಸೀರೆ ಮಗ್ಗದಿಂದ ಇಳಿಯಿತು. ಕಡುಗೆಂಪು ಮೈ, ಅಗಲ ಅಂಚು. ಸೆರಗಿನಿಂದ ಸ್ವಲ್ಪ ಈಚೆ, ಒಂದು ಗೇಣು ಅಗಲಕ್ಕೆ, ನನ್ನ ಗಂಟುಗಳು ಹುಗ್ಗಿಯಲ್ಲಿನ ಗೋದಿಕಾಳಿನ ಹಾಗೆ ಎದ್ದು ಕಾಣುತ್ತಿದ್ದವು. ನಾನು ತಲೆ ತಗ್ಗಿಸಿದೆ. ಅಜ್ಜ ಅದರ ಮೇಲೆ ಬೆರಳಾಡಿಸಿ, ಹುಡುಗಿಯ ಕಿವಿಯಲ್ಲಿ ಏನೋ ಹೇಳಿದರು. ಅವಳು ನನ್ನ ಕಡೆ ನೋಡಿ ನಕ್ಕಳು. ಏನೆಂದು ಕೇಳುವ ಧೈರ್ಯ ನನಗಿರಲಿಲ್ಲ. ಮರುದಿನ ಅವಳು ಅದನ್ನೇ ಉಟ್ಟು ಲಕ್ಷ್ಮೇಶ್ವರಕ್ಕೆ ಹೋದಳು.

ಮುಂದಿನ ವರ್ಷ ನನಗೆ ಮುಂಡರಗಿಗೆ ವರ್ಗವಾಯಿತು. ಹೊರಡುವ ದಿನ ಅಜ್ಜ ಬಾಗಿಲ ಸಂದಿಯಲ್ಲೇ ನಿಂತು ಬೀಳ್ಕೊಟ್ಟರು, ಹೊತ್ತು ಏರಿತ್ತು ನೋಡಿ. "ಅಲ್ಲಿ ಎಂಥಾ ಮನಿ ಹಿಡದೀರಿ?" ಎಂದರು. ಹೊಸ ಸಿಮೆಂಟಿನ ಸ್ಲ್ಯಾಬಿನ ಮನೆ, ಫ್ಯಾನೂ ಇದೆ ಎಂದೆ. "ಚಲೋ ಆತು" ಎಂದು ಕದ ಹಾಕಿಕೊಂಡರು. ಈಗ ಪ್ರತಿ ಬೇಸಿಗೆಯ ಮಧ್ಯಾಹ್ನ ಆ ಸ್ಲ್ಯಾಬಿನ ಕೆಳಗೆ, ಫ್ಯಾನು ತಿರುವಿ ತಿರುವಿ ಬಡಿಯುತ್ತಿರುವಾಗ, ಆ ಎರಡು ಪದಗಳಲ್ಲಿ ಎಷ್ಟು ಬೈಗುಳ ಇದ್ದವೆಂದು ಎಣಿಸುತ್ತ ಮಲಗಿರುತ್ತೇನೆ.

ಹೋದ ವಾರ ಸುದ್ದಿ ತಿಳಿದು ಬೆಟಗೇರಿಗೆ ಹೋದೆ. ಮಣ್ಣು ಮಾಡಿ ಮೂರನೆಯ ದಿನ. ಓಣಿಯ ತಿರುವಿನಲ್ಲೇ ಕಾಲು ನಿಂತಿತು. ಮಧ್ಯಾಹ್ನ ಒಂದು ಗಂಟೆಗೆ ಆ ಮನೆಯ ಬಾಗಿಲು ಹಾರು ಹೊಡೆದು ತೆರೆದಿತ್ತು. ಮಾತಾಡಿಸಲು ಬಂದವರು ನೆಟ್ಟಗೆ, ಎದೆ ಮುಂದೆ ಮಾಡಿಕೊಂಡು, ಮನಸ್ಸಿಗೆ ಬಂದಷ್ಟು ಅಗಲವಾಗಿ ಒಳಗೆ ಹೋಗುತ್ತಿದ್ದರು. ನಾನು ಮಾತ್ರ ರೂಢಿಯಂತೆ ಅಡ್ಡಾಗಿ ಹೋದೆ. ಒಳಗೆ ಬೆಳಕು. ಆ ಮನೆಯ ಗೋಡೆಗೆ ನೀಲಿ ಸುಣ್ಣ ಬಳಿದಿದ್ದಾರೆಂದು ನನಗೆ ಗೊತ್ತಾದದ್ದು ಆ ದಿನವೇ. ಹುಬ್ಬಳ್ಳಿಯ ಮಗ ಅಟ್ಟದಿಂದ ಫ್ಯಾನು ಇಳಿಸಿದ್ದ.

ಆಯಿ ಮೂಲೆಯಲ್ಲಿ ಕೂತಿದ್ದರು. ಪಕ್ಕದಲ್ಲಿ ಮೊಮ್ಮಗಳು, ತೊಡೆಯ ಮೇಲೆ ಮಲಗಿದ ಕೂಸು. ಉಟ್ಟದ್ದು ಅದೇ ಕಡುಗೆಂಪು ಸೀರೆ, ಒಗೆದು ಒಗೆದು ಮಾಸಿತ್ತು. ನನ್ನನ್ನು ನೋಡಿ ಅವಳು ಸೆರಗಿನ ಈಚೆಯ ಆ ಒಂದು ಗೇಣನ್ನು ಕೈಯಲ್ಲಿ ಎತ್ತಿ ಹಿಡಿದಳು. ಬಣ್ಣ ಹೋಗಿತ್ತು. ಗಂಟುಗಳು ಒಂದೂ ಬಿಚ್ಚಿರಲಿಲ್ಲ.

"ಅಣ್ಣಾ, ಇದಕ್ಕ ಅಜ್ಜ ಏನ ಹೆಸರ ಇಟ್ಟಿದ್ದ ಗೊತ್ತೈತೇನು? ಮಾಸ್ತರ ಕಿಡಕಿ ಅಂತ. ನಮ್ಮತ್ತಿ ಲಗ್ನದ ದಿನಾನ ಕೇಳಿದ್ರು, ಏನಿದು ಸೀರ್‍ಯಾಗ ಗಂಟ ಗಂಟ ಅಂತ. ಅಜ್ಜ ಹೇಳಿದ, ಇದು ಹೊಸಾ ಕಲಾ ಐತ್ರಿ, ಬೆಟಗೇರ್‍ಯಾಗ ಒಬ್ಬಾಂವಗ ಅಷ್ಟ ಬರ್ತೈತಿ, ಅಂವಾ ಬಿಎಸ್ಸಿ ಓದ್ಯಾನ."

ನಗಬೇಕೆಂದು ಬಾಯಿ ತೆರೆದೆ. ನಗು ಅಡ್ಡಾಗಿಯೂ ಹೊರಗೆ ಬರಲಿಲ್ಲ. ಮುಖ ತಿರುಗಿಸಿದರೆ ಕಣ್ಣಿಗೆ ಮಗ್ಗ ಬಿತ್ತು. ಮಗ್ಗದ ಮೇಲೆ ಬಿಳಿಯ ಹಾಸೊಂದು ಇತ್ತು, ಮೊಳದಷ್ಟು ನೇಯ್ದು ನಿಂತದ್ದು. ಕಡೀದು ಎಂದಿದ್ದ ಅಜ್ಜ ಇದನ್ನು ಯಾರಿಗೆಂದು ಹೂಡಿದ್ದರೋ, ಯಾರಿಗೂ ಹೇಳಿರಲಿಲ್ಲವಂತೆ. ಬಿಸಿ ಗಾಳಿ ಬಾಗಿಲಿಂದ ಬಂದು ಅದರ ಮೇಲೆ ಹಾಯುತ್ತಿತ್ತು. ನಾನು ನೋಡುತ್ತಿದ್ದಂತೆಯೇ ಅಂಚಿನ ಒಂದು ಎಳೆ ಟಪ್ ಎಂದಿತು. ಅಷ್ಟು ಮಂದಿಯಲ್ಲಿ ಆ ಸದ್ದು ಕೇಳಿದ್ದು ಇಬ್ಬರಿಗೆ, ನನಗೆ ಮತ್ತು ಆಯಿಗೆ.

ಆಯಿ ತಲೆ ಎತ್ತಿದರು. "ಮಾಸ್ತರ್ರ" ಎಂದರು. "ಕದಾ ಮುಚ್ರಿ. ಅವರಿಗೆ ಸೇರಂಗಿಲ್ಲ."

ಸತ್ತ ಮನೆಯ ಬಾಗಿಲು ಮುಚ್ಚುವುದೇ ಎಂದು ಯಾರೋ ಗೊಣಗಿದರು. ನಾನು ಫ್ಯಾನು ಆರಿಸಿದೆ. ಕಿಟಕಿಗೆ ಅಗುಳಿ ಹಾಕಿದೆ. ಮಾಳಿಗೆ ಹತ್ತಿ ಗಡಿಗೆಯನ್ನು ಬೆಳಕಿಂಡಿಯ ಮೇಲೆ ಬೋರಲು ಇಟ್ಟೆ, ಈ ಸಲ ಸರಿಯಾಗಿ. ಕೆಳಗಿಳಿದು ಗೋಣಿತಟ್ಟು ನೆನೆಸಿ ಬಾಗಿಲಿಗೆ ತೂಗುಹಾಕಿದೆ. ಒಂದು ತಂಬಿಗೆ ನೀರು ತೆಗೆದುಕೊಂಡು ಐದು ಬೆರಳಿನಿಂದ ಮಗ್ಗದ ಸುತ್ತ ಚಿಮುಕಿಸಿದೆ, ಮಂಜಿನಷ್ಟೇ. ಮನೆ ಮೆಲ್ಲಗೆ ಕತ್ತಲಾಯಿತು. ಕೂತವರ ದನಿ ತಾನಾಗಿ ಇಳಿಯಿತು.

ಹೊರಗೆ ಯಾರೋ ಚಪ್ಪಲಿ ಬಿಡುವ ಸದ್ದು ಕೇಳಿತು. ಬಾಗಿಲನ್ನು ಒಂದು ಗೇಣು ತೆರೆದೆ. ಲಕ್ಷ್ಮೇಶ್ವರದ ಬೀಗರು ಬಿಸಿಲಲ್ಲಿ ನಿಂತಿದ್ದರು, ಮೊದಲಿಗಿಂತ ಇನ್ನೂ ಒಂದು ಸುತ್ತು ದಪ್ಪಗಾಗಿದ್ದರು. "ಅಡ್ಡಾಗಿ" ಎಂದು ನಾನು ಹೇಳಬೇಕೆನ್ನುವಷ್ಟರಲ್ಲಿ, ಅವರು ತಲೆಯ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು, ಉಸಿರು ಎಳೆದುಕೊಂಡು, ಆಗಲೇ ಅಡ್ಡ ತಿರುಗಿದ್ದರು.